ನೆಮ್ಮದಿಗೆ ಬೆಚ್ಚುವ ಎದೆ

ಅಂಬಾಜಿದುರ್ಗದ ಬೆಟ್ಟ ಹತ್ತುವಾಗ ನನ್ನ ಎದೆಗೆ ಏನೂ ಆಗುವುದಿಲ್ಲ. ಮಂಡಿ ಗೊಣಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ಹಳೇ ಕೋಟೆಯ ಕಲ್ಲಿಗೆ ಒರಗಿ ಏದುಸಿರು ಬಿಡುತ್ತೇನೆ. ಎದೆ ಜೋರಾಗಿ ಹೊಡೆದುಕೊಂಡರೂ ಲೆಕ್ಕ ತಪ್ಪುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೂ ಅಷ್ಟೆ. ತಿಂಗಳ ದುಡಿಮೆಯನ್ನೆಲ್ಲ ಸುರಿದು ಹರಾಜಿನ ಬೆಲೆಗೆ ಕಾಯುತ್ತ ನಿಂತಾಗ ಡವಗುಟ್ಟದಿದ್ದರೆ ಅದು ರೈತನ ಎದೆಯೇ ಅಲ್ಲ. ಅಲ್ಲೂ ತಾಳ ಬಿಟ್ಟಿದ್ದಿಲ್ಲ.

ಅದು ಕೆಡುವುದು ಎಲ್ಲ ಮುಗಿದ ಮೇಲೆ. ಹುಳು ಪೊರೆ ಕಳಚುವ ನಾಲ್ಕನೇ ಜ್ವರ ಎದ್ದು, ರಾತ್ರಿಯೆಲ್ಲ ಸೊಪ್ಪು ತಿಂದು, ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಏರಿ, ಗೂಡು ಮಾರಿ, ಕೊಡಬೇಕಾದವರಿಗೆ ಕೊಟ್ಟು ಮನೆಗೆ ಬರುತ್ತೇನೆ. ಅವರೆಕಾಳಿನ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ ಎಡಮಗ್ಗುಲಾಗಿ ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಗೋಣಿಚೀಲದಲ್ಲಿ ಸಿಕ್ಕಿದ ಕೋಳಿಯ ಹಾಗೆ ಎದೆಯೊಳಗೆ ಪಟಪಟ ಶುರು.

ನಮ್ಮ ಸೀಮೆಯಲ್ಲಿ ಎದೆಗೆ ಏನಾದರೂ ಹೆಸರು ಒಂದೇ, ಗ್ಯಾಸು. ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಅದೇ ಉತ್ತರ. ಓಮದ ಕಷಾಯ, ಜೀರಿಗೆ ಸೋಡಾ ಎಲ್ಲ ಆದ ಮೇಲೆ ಚಿಂತಾಮಣಿಯ ಒಬ್ಬ ಡಾಕ್ಟರು, ಪಟಪಟ ನಡೆಯುತ್ತಿರುವಾಗಲೇ ಇಸಿಜಿ ತೆಗೆದು, ಏಟ್ರಿಯಲ್ ಫಿಬ್ರಿಲೇಷನ್ ಎಂದರು. ಹೃದಯದ ಮೇಲಿನ ಎರಡು ಕೋಣೆಗಳು ನಿಮಿಷಕ್ಕೆ 350ರಿಂದ 600 ಸಲ ಸುಮ್ಮನೆ ಅದುರುತ್ತವಂತೆ; ಕೆಳಗಿನ ಕೋಣೆಗಳಿಗೆ ಅದರಲ್ಲಿ ಒಂದಷ್ಟು ಮಾತ್ರ, ಅದೂ ಅಡ್ಡಾದಿಡ್ಡಿಯಾಗಿ ತಲುಪುತ್ತದಂತೆ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಸೋಡಾ ಕುಡಿದು ಸುಮ್ಮನಿರುವ ನಮ್ಮೂರಿನವರ ಕಿವಿಗೆ ಇದೊಂದು ಮಾತು ಬೀಳಲಿ.

“ಯಾವಾಗ ಬರುತ್ತೆ?” ಎಂದು ಅವರು ಕೇಳಿದರು. “ಸುಖವಾಗಿದ್ದಾಗ” ಎಂದೆ. ಅವರು ನಗಲಿಲ್ಲ, ಬರೆದುಕೊಂಡರು.

ಇದರ ಹಿಂದೆ ಇರುವುದು ವೇಗಸ್ ಎಂಬ ನರ. ಮಿದುಳಿನ ಬುಡದಲ್ಲಿ ಹೊರಟು ಗಂಟಲು, ಹೃದಯ, ಹೊಟ್ಟೆ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತದೆ. ಉಂಡದ್ದು ಅರಗುವಾಗ, ನಿದ್ದೆ ಹತ್ತುವಾಗ ಆಡಳಿತವೆಲ್ಲ ಇದರದೇ. ಇದನ್ನು ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಬಿಡುತ್ತದೆ ಎಂದು ಜರ್ಮನಿಯ ವೆಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಹೇಗೆ ಎಂಬುದು ತಿಳಿದದ್ದು 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿಯಿಂದ. ಅವರಿಗೆ ಪ್ರಯೋಗ ಹೊಳೆದದ್ದು ಕನಸಿನಲ್ಲಿ. ಎದ್ದು ಗೀಚಿಟ್ಟರು, ಬೆಳಿಗ್ಗೆ ತಮ್ಮ ಅಕ್ಷರ ತಮಗೇ ತಿಳಿಯಲಿಲ್ಲ. ಮಾರನೆಯ ರಾತ್ರಿ ಕನಸು ಮತ್ತೆ ಬಂದಾಗ ನೇರ ಪ್ರಯೋಗಾಲಯಕ್ಕೆ ಹೋಗಿ, ಒಂದು ಕಪ್ಪೆಯ ಹೃದಯದ ವೇಗಸ್ ಕೆರಳಿಸಿ, ಅದನ್ನು ಅದ್ದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ನರ ಒಂದು ರಸ ಸುರಿಸುತ್ತದೆ ಎಂದಾಯಿತು; ಆ ರಸ ಅಸಿಟೈಲ್‌ಕೋಲಿನ್. 1936ರಲ್ಲಿ ನೊಬೆಲ್ ಬಂತು.

ನಿಧಾನ ಮಾಡುವ ನರ ಪಟಪಟ ಮಾಡಿಸುವುದು ಹೇಗೆ? ನನ್ನ ತಲೆ ಕೆಟ್ಟದ್ದು ಇಲ್ಲೇ. ಹೃದಯದ ಸ್ನಾಯು ಪ್ರತಿ ಸಲ ಕುಗ್ಗಿದ ಮೇಲೆ ಚೂರು ಹೊತ್ತು ಯಾರು ಕರೆದರೂ ಓಗೊಡುವುದಿಲ್ಲ. ಮೇಲಿನ ಕೋಣೆಗಳಲ್ಲಿ ಅಸಿಟೈಲ್‌ಕೋಲಿನ್ ಆ ವಿರಾಮವನ್ನೇ ಮೊಟಕು ಮಾಡುತ್ತದೆ, ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ವಿದ್ಯುತ್ತಿನ ಅಲೆ ಬೇಗ ಸಿದ್ಧವಾದ ಜಾಗ ಹುಡುಕಿಕೊಂಡು ಸುತ್ತಿ ಸುತ್ತಿ ಅದೇ ದಾರಿಗೆ ಮರಳುತ್ತದೆ. ಮೊದಲ ಕಿಡಿ ಸಾಮಾನ್ಯವಾಗಿ ಏಳುವುದು ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಲ್ಲಿ ಎಂದು 1998ರಲ್ಲಿ ಫ್ರಾನ್ಸಿನ ಹಾಸಗೇರ್ ತಂಡ ತೋರಿಸಿತು. ನರದ ಗಂಟುಗಳು ದಟ್ಟವಾಗಿರುವುದೂ ಅಲ್ಲೇ ಸುತ್ತಮುತ್ತ. ಪ್ಯಾರಿಸ್ಸಿನ ವೈದ್ಯ ಫಿಲಿಪ್ ಕುಮೆಲ್ 1970ರ ದಶಕದಲ್ಲೇ ರೋಗಿಗಳಲ್ಲಿ ಎರಡು ಬಗೆ ಗುರುತಿಸಿದ್ದರು. ಕೆಲವರಿಗೆ ಹಗಲು, ದುಡಿಮೆಯಲ್ಲಿ, ಸಿಟ್ಟಿನಲ್ಲಿ ಬರುತ್ತದೆ. ಅದು ಅಡ್ರಿನಲಿನ್ ಕಡೆಯ ನರಗಳ ಕೆಲಸ. ಇನ್ನು ಕೆಲವರಿಗೆ, ಹೆಚ್ಚಾಗಿ ನಡುವಯಸ್ಸಿನ ಗಂಡಸರಿಗೆ, ಊಟದ ನಂತರ, ರಾತ್ರಿ, ವಿಶ್ರಾಂತಿಯಲ್ಲಿ. ಅನೇಕರಲ್ಲಿ ಎರಡೂ ನರಗಳು ಕೈಜೋಡಿಸುತ್ತವೆ. ನಾನು ಅಪ್ಪಟ ಎರಡನೇ ಗುಂಪು.

ಎದೆಯನ್ನು ಹತೋಟಿಗೆ ತರುವ ಮಾತೆತ್ತಿದರೆ, ಕೈವಾರದ ತಾತಯ್ಯನವರ ಈ ನಮ್ಮ ಸೀಮೆಯಲ್ಲಿ ಯೋಗಿಗಳ ಕತೆಗೆ ಬರವಿಲ್ಲ. ಉಸಿರು ಕಟ್ಟಿ ಗುಂಡಿಗೆ ನಿಲ್ಲಿಸುವವರ ಕತೆ ಅಜ್ಜಿ ಹೇಳುತ್ತಿದ್ದಳು. ಅದನ್ನು ಅಳೆಯಲು 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ವೈದ್ಯೆ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಪರೀಕ್ಷೆಗೆ ಕುಳಿತವರಲ್ಲಿ ಮೈಸೂರು ಅರಮನೆಯ ಯೋಗಶಾಲೆಯ ಟಿ. ಕೃಷ್ಣಮಾಚಾರ್ಯರೂ ಒಬ್ಬರು, ಕನ್ನಡದಲ್ಲಿ ‘ಯೋಗ ಮಕರಂದ’ ಬರೆದವರು. ಗೆರೆ ಬಹುತೇಕ ಚಪ್ಪಟೆಯಾಯಿತೆಂದು ಬ್ರೋಸ್ ವರದಿ ಮಾಡಿದರು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಮತ್ತೆ ಪರೀಕ್ಷೆ ಮಾಡಿ 1961ರಲ್ಲಿ ಬರೆದದ್ದು ಬೇರೆ: ಉಸಿರು ಬಿಗಿಹಿಡಿದು ಎದೆಯ ಒತ್ತಡ ಏರಿಸಿದಾಗ ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗಿ ನಾಡಿ, ಸದ್ದು ಮಾಯವಾಗುತ್ತವೆ, ಇಸಿಜಿಯಲ್ಲಿ ಬಡಿತ ನಡೆದೇ ಇರುತ್ತದೆ. ಹೃದಯ ನಿಲ್ಲಲಿಲ್ಲ ಎಂದು ನನಗೇನೂ ಬೇಸರವಾಗಲಿಲ್ಲ. ನಿಲ್ಲಿಸುವುದಕ್ಕಿಂತ ತಾಳಕ್ಕೆ ತರುವುದು ದೊಡ್ಡ ವಿದ್ಯೆ. ಅಮೆರಿಕದ ಕನ್ಸಾಸಿನಲ್ಲಿ ಧನುಂಜಯ ಲಕ್ಕಿರೆಡ್ಡಿ ಎಂಬ ವೈದ್ಯರು 2013ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಯೋಗ ಮಾಡಿದ ರೋಗಿಗಳಿಗೆ ಈ ಪಟಪಟ ಬರುವುದೇ ಕಡಿಮೆಯಾಗಿತ್ತು.

ಇನ್ನೂ ತಮಾಷೆಯದು ಕಿವಿಯ ವಿಷಯ. ವೇಗಸ್‌ನ ಒಂದು ಕವಲು ಕಿವಿಗೂ ಬರುತ್ತದೆ. ಕಿವಿತೂತಿನ ಮುಂದಿನ ಪುಟ್ಟ ಮೃದ್ವಸ್ಥಿಗೆ ಕ್ಲಿಪ್ಪು ಸಿಕ್ಕಿಸಿ, ದಿನಕ್ಕೆ 1 ಗಂಟೆ ಹದವಾದ ಕರೆಂಟು ಕೊಟ್ಟು, 6 ತಿಂಗಳು ನೋಡಿದ ಒಕ್ಲಹೋಮಾದ ವೈದ್ಯರು ಫಿಬ್ರಿಲೇಷನ್ ಇಳಿದದ್ದನ್ನು 2020ರಲ್ಲಿ ಪ್ರಕಟಿಸಿದರು. ಜೋರಾದರೆ ಕೆರಳಿಸುವ ನರವೇ ಹದವಾಗಿ ತಟ್ಟಿದರೆ ಸಮಾಧಾನ ಮಾಡುತ್ತದೆ. ಇದನ್ನು ಅಶ್ವತ್ಥಕಟ್ಟೆಯ ಮೇಲೆ ಹೇಳಿದ್ದೇ ತಡ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನೊಬ್ಬ, ನಮ್ಮ ಲೆಕ್ಕದ ಮೇಷ್ಟ್ರು ಈ ಚಿಕಿತ್ಸೆಯನ್ನು ಐದನೇ ಕ್ಲಾಸಿನಲ್ಲೇ ಕರೆಂಟಿಲ್ಲದೆ ಮಾಡಿದ್ದರಲ್ಲ, ನಿನಗೆ ಡೋಸ್ ಸಾಲದೆ ಹೋಯಿತೇನೋ ಎಂದ.