ಒಂದೇ ಹೊಲ, ಎರಡು ದುಡಿಮೆ



ಮಹಾಮಾರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು 2020ರಲ್ಲಿ ನಾವೆಲ್ಲರೂ ಹೇಳುತ್ತಿದ್ದೆವು. ಗಜೇಂದ್ರಗಡದ ಸುತ್ತಲಿನ ಎರೆಹೊಲಗಳ ನಡುವೆ ಬಾಳುವ ನೀವು ಆ ಮಾತನ್ನು ಇನ್ನೊಮ್ಮೆ ಪರಿಶೀಲಿಸಬೇಕೆಂದು ನನ್ನ ಕೋರಿಕೆ.

ಆ ವರ್ಷದ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಬೆಳೆದುದನ್ನು ಮಾರುಕಟ್ಟೆಗೆ ಒಯ್ಯಲಾಗದೆ ಗಂಡಸರು ಚಡಪಡಿಸಿದರು. ಆ ನಷ್ಟ ಪತ್ರಿಕೆಗಳಲ್ಲಿ ಬಂದಿತು. ಕಸ ತೆಗೆಯುವ, ಕಾಯಿ ಬಿಡಿಸುವ ಕೂಲಿ ಕಳೆದುಕೊಂಡ ಹೆಣ್ಣುಮಕ್ಕಳ ನಷ್ಟವನ್ನು ಯಾರೂ ಬರೆದಿಡಲಿಲ್ಲ. ಶಾಲೆ ಮುಚ್ಚಿ ಬಿಸಿಯೂಟ ನಿಂತಿತು. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋದವರು ಮರಳಿದರು. ಬಡಿಯಬೇಕಾದ ರೊಟ್ಟಿಗಳ ಎಣಿಕೆ ಏರಿತು. ಕೈಯಲ್ಲಿ ಹಣವಿಲ್ಲದಾಗ ಮೊದಲು ಒತ್ತೆ ಹೋದದ್ದು ಹೆಂಡತಿಯ ಬಂಗಾರ. ಸಾಲದ ಕಂತನ್ನು ಆಗಸ್ಟ್ ಕೊನೆಯ ತನಕ ಮುಂದೂಡಬಹುದೆಂದರು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. (ಮೇ 4ರಂದು ಮದ್ಯದಂಗಡಿಗಳು ಮತ್ತೆ ತೆರೆಯುವ ತನಕದ ಆ ನಲವತ್ತು ದಿನಗಳನ್ನು ನೆಮ್ಮದಿಯ ದಿನಗಳೆಂದು ನೆನೆಯುವ ತಾಯಂದಿರನ್ನೂ ನಾನು ಬಲ್ಲೆ.)

ಸರ್ಕಾರದ ನೆರವು ಬರಲಿಲ್ಲವೆಂದಲ್ಲ. ಜನಧನ ಖಾತೆಯಿದ್ದ ಮಹಿಳೆಯರಿಗೆ ಮೂರು ತಿಂಗಳು ಐನೂರರಂತೆ ಬಂದಿತು. ಕಿಸಾನ್ ಸಮ್ಮಾನ್ ಯೋಜನೆಯ ಎರಡು ಸಾವಿರ ಬಂದದ್ದು ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ. ಆಕೆಗೆ ಬಂದದ್ದು ಬಡವಳೆಂದು, ಆತನಿಗೆ ಬಂದದ್ದು ರೈತನೆಂದು. ಗ್ರಾಮೀಣ ಭಾರತದಲ್ಲಿ ದುಡಿಯುವ ನಾಲ್ವರು ಸ್ತ್ರೀಯರಲ್ಲಿ ಸುಮಾರು ಮೂವರ ದುಡಿಮೆ ಬೇಸಾಯವೇ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಮಹಿಳೆಯರದು ಕೇವಲ ಹದಿನಾಲ್ಕು.

ಇನ್ನು ಸಾವಿನ ಮಾತು. 1918ರ ಇನ್ಫ್ಲುಯೆಂಜಾ ನಮ್ಮ ರೋಣ ಸೀಮೆಯೂ ಸೇರಿದ್ದ ಮುಂಬಯಿ ಪ್ರಾಂತವನ್ನು ಹೊಕ್ಕಾಗ ಸ್ತ್ರೀಯರೇ ಹೆಚ್ಚಾಗಿ ಸತ್ತರು. ಬರಗಾಲದ ಆ ವರ್ಷ ಅರೆಹೊಟ್ಟೆಯಲ್ಲಿದ್ದು ರೋಗಿಗಳ ಆರೈಕೆ ಮಾಡಿದವರು ಅವರೇ ಅಲ್ಲವೇ? ಕೋವಿಡ್‌ನಲ್ಲಿ ಇದು ತಿರುಗಿತು: ದಾಖಲಾದ ಸಾವುಗಳಲ್ಲಿ ಪುರುಷರ ಪಾಲೇ ದೊಡ್ಡದು. 2021ರ ಎರಡನೆಯ ಅಲೆಯ ನಂತರ ಎಷ್ಟೋ ಮನೆಗಳಲ್ಲಿ ಹೊಲ ವಿಧವೆಯ ಕೈಗೆ ಬಂದಿತು, ಕಾಗದ ಮಾತ್ರ ಬರಲಿಲ್ಲ. ಪೌತಿ ಖಾತೆಯಾಗದೆ ಬೆಳೆಸಾಲವಿಲ್ಲ, ಬೆಳೆವಿಮೆಯ ಹಣವಿಲ್ಲ, ಬೆಂಬಲ ಬೆಲೆಗೆ ಕಡಲೆ ಕೊಡಲು ನೋಂದಣಿಯೂ ಕಷ್ಟ. ಮಳೆಯಾದರೆ ಬಿತ್ತನೆ ಕಾಯುವುದಿಲ್ಲ, ಕಚೇರಿ ಕಾಯಿಸುತ್ತದೆ.

ಅಂತಹ ಒಬ್ಬ ತಾಯಿಯನ್ನು, "ಅವ್ವಾ, ಈಗ ರೈತರು ನೀವೇ ಅಲ್ಲವೇ?" ಎಂದು ಕೇಳಿದೆ. "ಹೊಲ ನಂದಲ್ಲರೀ, ನಾ ಬರೇ ದುಡಿಯಾಕಿ" ಎಂದರು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕೋವಿಡ್‌ನಿಂದ ದುಡಿಯುವ ಸದಸ್ಯರನ್ನು ಕಳೆದುಕೊಂಡ ಬಡ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿ ಘೋಷಿಸಿತು. ಆ ತಾಯಿಯೇ ತೀರಿಕೊಂಡಿದ್ದರೆ, ಮೂವತ್ತು ವರ್ಷ ಹೊಲದಲ್ಲಿ ಬಾಗಿದ ಆಕೆಯನ್ನು 'ದುಡಿಯುವ ಸದಸ್ಯ'ರೆಂದು ಮನೆಯವರೇ ಬರೆಸುತ್ತಿದ್ದರೇ? ನನಗೆ ಸಂದೇಹ.

ಪವಿತ್ರ ಗ್ರಂಥದ ಸಂಖ್ಯಾಕಾಂಡದ 27ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಚಲ್ಪಹಾದನ ಐವರು ಪುತ್ರಿಯರು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ತಂದೆಯ ಭೂಮಿಯಲ್ಲಿ ಪಾಲು ಕೇಳುತ್ತಾರೆ. ಅವರ ಮಾತು ನ್ಯಾಯವಾದುದೆಂದು ದೇವರೇ ತೀರ್ಪು ಕೊಡುತ್ತಾರೆ. ಕ್ರೈಸ್ತರಾದ ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡು ಮಕ್ಕಳಿದ್ದರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ. ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಸಮ. ಆದರೂ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಸಹೋದರಿಯರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ.

ಮುಂದಿನ ಸಲ ಗಜೇಂದ್ರಗಡಕ್ಕೆ ಹೋದಾಗ ನಿಮ್ಮ ಹೊಲದ ಪಹಣಿ ತೆಗೆಸಿ, 9ನೆಯ ಕಾಲಂ ನೋಡಿರಿ. ಅಲ್ಲಿ ತೀರಿಕೊಂಡವರ ಹೆಸರೇ ಉಳಿದಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಸೇರಿಸಿ ಅರ್ಜಿ ಕೊಡಬೇಕು. ನೆರೆಮನೆಯ ವಿಧವೆಗೆ ಆ ಕಚೇರಿ ಹೊಸದಾಗಿದ್ದರೆ ಜೊತೆಗೆ ನೀವೂ ಹೋಗಿ ಬನ್ನಿರಿ.