ಹಿಡಕಲ್ಲಿನ ನಳದ ನೀರು

ಪ್ರವಾಸಕ್ಕೆ ಹೊರಟವರಿಗೆ ಅನ್ನವು ಎಲ್ಲಿಯಾದರೂ ದೊರೆತೀತು. ನಂಬಿ ಕುಡಿಯಬಹುದಾದ ನೀರು ದೊರೆಯುವದು ಕಠಿಣ. ಕಳೆದ ಬೇಸಿಗೆಯಲ್ಲಿ ಕ್ಯಾರವಾನ್ ಎಂಬ ಗಾಲಿಯ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದು, ಮಕ್ಕಳೊಡನೆ ಬೆಳಗಾವಿಯಿಂದ ಹಿಡಕಲ್ಲಿಗೆ ಹೋದಾಗ ಈ ಮಾತು ನಮಗೆ ಮನವರಿಕೆಯಾಯಿತು.

ಕೊಲ್ಲಾಪುರದ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳಿದ ಬಳಿಕ ಘಟಪ್ರಭೆಯ ಜಲರಾಶಿಯು ಕಾಣಿಸಿತು. ರಾಜಾ ಲಖಮಗೌಡರ ಹೆಸರನ್ನು ಹೊತ್ತ ಈ ಜಲಾಶಯವು ಸುಮಾರು 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಇದೇ ನದಿಯು ಮುಂದೆ ಗೋಕಾಕದ ಬಳಿ 52 ಮೀಟರು ಎತ್ತರದಿಂದ ಧುಮುಕುವದು. ಬೆಳಗಾವಿಯ ನಳಗಳಿಗೂ ಇಲ್ಲಿಂದ ನೀರು ಹೋಗುವದು. ಇಷ್ಟೊಂದು ನೀರು ಕಣ್ಣೆದುರಿಗಿದ್ದರೂ ನಮ್ಮ ಗಾಡಿಯ ಟಾಕಿ ಮಾತ್ರ ಬರಿದಾಗಿತ್ತು!

ಹತ್ತಿರದ ಊರಿನ ಒಂದು ಮನೆಯಲ್ಲಿ ಕೇಳಿಕೊಂಡೆವು. "ತುಂಬಿಕೊಳ್ರಿ, ನೀರಿಗೇನು ರೊಕ್ಕಾ?" ಎಂದಳು ಮನೆಯ ಅಜ್ಜಿ. ನಳಕ್ಕೆ ಪೈಪು ಸಿಗಿಸಿ, ಮೊದಲು ಕೈಕಾಲು ತೊಳೆಯಲೆಂದು ಅದರ ತುದಿಯನ್ನು ಬಕೀಟಿನ ತಳಕ್ಕೆ ಇಳಿಬಿಟ್ಟೆವು. ಮಕ್ಕಳು ಅದರಲ್ಲಿಯೇ ಕಾಲು ಅದ್ದಿದರು.

"ತಮ್ಮಾ, ಪೈಪಿನ ಬಾಯಿ ಮುಳಗಸಬ್ಯಾಡ. ನಳ ನಿಂತರ ಹೊಲಸು ಹಿಂದ ಹೋಗತೈತಿ" ಎಂದು ಅಜ್ಜಿ ಕೂಗುವಷ್ಟರಲ್ಲಿಯೇ ನೀರು ನಿಂತಿತು. ನಳವು ಗೊಳಗೊಳ ಎಂದಿತು. ಬಕೀಟಿನ ನೀರು ನೋಡನೋಡುತ್ತ ಇಳಿಯಿತು. ತಗ್ಗಿನ ಓಣಿಯ ಕಡೆಗೆ ಹರಿದುಹೋಗುವ ನೀರು ನಮ್ಮ ರಾಡಿಯನ್ನೂ ಎಳೆದುಕೊಂಡಿತ್ತು. ನಾವು ನಾಚಿ ತಲೆ ತಗ್ಗಿಸಿದೆವು.

"ಯವ್ವಾ, ಇನ್ನೇನು ಮಾಡೋಣ?" ಎಂದು ಕೇಳಿದರೆ, ಅಜ್ಜಿ ಬೈಯಲಿಲ್ಲ. ನೀರು ಬಿಡುವವನನ್ನು ಕರೆಸಿ ಇದ್ದುದನ್ನು ಇದ್ದಂತೆ ಹೇಳಿಸಿದಳು. ಮರುದಿನ ಆತನು ಮೊದಲ ನೀರನ್ನು ಹೊರಗೆ ಹರಿಯಬಿಟ್ಟನು. ನಾವು ಮನೆಮನೆಗೆ ಹೋಗಿ, ನೀರು ತಿಳಿಯಾಗಿ ಬರುವವರೆಗೆ ಕೊಡ ಹಿಡಿಯಬೇಡಿರೆಂದೂ, ಅಂದಿನ ನೀರನ್ನು ಕುದಿಸಿ ಕುಡಿಯಿರೆಂದೂ ಕೇಳಿಕೊಂಡೆವು.

ಅಂದಿನಿಂದ ನಮ್ಮ ಪದ್ಧತಿ ಹೀಗೆ: ಕುಡಿಯುವ ನೀರಿಗೆಂದೇ ಬೇರೆ ಪೈಪು, ಅದರಿಂದ ಗಾಡಿ ತೊಳೆಯುವದಿಲ್ಲ. ತುಂಬುವ ಮೊದಲು ನಳವನ್ನು ತುಸು ಹೊತ್ತು ಹರಿಯಬಿಡುವದು. ಪೈಪಿನ ತುದಿಯು ಟಾಕಿಯ ನೀರಿಗೆ ತಾಗದಂತೆ ನಾಲ್ಕು ಬೆರಳು ಮೇಲೆ ಹಿಡಿಯುವದು. ಕೆಲಸ ಮುಗಿದ ಮೇಲೆ ಪೈಪನ್ನು ಬಸಿದು, ಎರಡೂ ಬಾಯಿ ಮುಚ್ಚಿ, ನೆರಳಿನಲ್ಲಿ ಸುತ್ತಿಡುವದು. ಇಂಗ್ಲಂಡದ ಕ್ಯಾರವಾನಿನವರು ಉರುಳಿಸಿ ಒಯ್ಯುವ ಪೀಪಾಯಿಯಲ್ಲಿ ನೀರು ತರುವ ವಾಡಿಕೆಯುಂಟು. ನೇರವಾಗಿ ನಳಕ್ಕೆ ಜೋಡಿಸುವಲ್ಲಿ ನೀರು ಹಿಂದಿರುಗದಂತೆ ತಡೆಯುವ ಕವಾಟವನ್ನು ಕೂಡಿಸುವರು. ದಿನವಿಡೀ ನೀರು ತುಂಬಿರುವ ಕೊಳವೆಯೊಳಗೆ ಹೊರಗಿನ ಹೊಲಸು ಸುಲಭವಾಗಿ ಸೇರದು. 2008ರಲ್ಲಿ ಬೆಳಗಾವಿಯ ಕೆಲವು ಭಾಗಗಳಲ್ಲಿ ಹಗಲಿರುಳೂ ನೀರು ಬಿಡುವ ಏರ್ಪಾಡು ಆರಂಭವಾಯಿತು. ಅದರ ಒಂದು ಲಾಭವು ಇದೇ. ನಿಂತು ನಿಂತು ಬರುವ ನಳದ ಮುಂದೆ ಮಾತ್ರ ನಮ್ಮ ಎಚ್ಚರವೇ ಕವಾಟ.

ಹೊರಡುವ ಸಂಜೆ ಹಿನ್ನೀರಿನ ದಂಡೆಗೆ ಹೋದೆವು. ಜಲಾಶಯವು ತುಂಬಿದಾಗ ಮುಳುಗುವ ಹುನ್ನೂರಿನ ವಿಠ್ಠಲನ ಗುಡಿಯು, ನೀರು ಇಳಿದುದರಿಂದ ಹೊರಗೆ ನಿಂತಿತ್ತು. ಒಂದು ಊರು ತನ್ನ ದೇವರನ್ನೂ ನೆಲವನ್ನೂ ಬಿಟ್ಟುಕೊಟ್ಟು ಉಳಿಸಿದ ನೀರು ಇದು. ಅಜ್ಜಿ ಅದಕ್ಕೆ ರೊಕ್ಕ ಕೇಳಲಿಲ್ಲ. ಅದನ್ನು ಹೊಲಸು ಮಾಡದೆ ಒಯ್ಯುವದೇ ನಾವು ಕೊಡಬೇಕಾದ ಬೆಲೆ.