ಒಂದು ‘ಈಗ’

ಜನವರಿ 9, 2024, ಮಂಗಳವಾರ
ಬೆಳಗ್ಗೆ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗಿ ಬಂದೆ. ಬಾಲ ಕಲ್ಯಾಣ ಸಮಿತಿಯ ಮುಂದೆ ಒಂಬತ್ತು ವರ್ಷದ ಹುಡುಗಿ. ನಿನ್ನೆ ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬಳೇ ಸಿಕ್ಕಳಂತೆ. ಹೀಗೆ ಸಿಕ್ಕ ಮಗುವನ್ನು 24 ತಾಸಿನೊಳಗೆ ಸಮಿತಿಯ ಮುಂದೆ ತರಬೇಕೆಂಬುದು ಕಾಯ್ದೆ. ಹುಡುಗಿಗೆ ಮರಾಠಿ ಬಾರದು. ಕನ್ನಡ ಶಾಲೆಯಲ್ಲಿ ಕಲಿಸಿದ ನನ್ನನ್ನು ಕರೆಯುವುದು ಅದಕ್ಕೇ. ಅವಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

“ಮನಿಗಿ ಹೋಗ್ತೀಯೇನವ್ವಾ?”

“ಈಗ ಒಲ್ಲೆರಿ ಅಕ್ಕೋರ.”

ಮನೆಗೆ ಹೋಗಲು ಒಲ್ಲೆ ಅನ್ನುತ್ತಾಳೆ ಎಂದು ಮರಾಠಿಯಲ್ಲಿ ಹೇಳಿದೆ. ಹಾಗೇ ಬರೆದುಕೊಂಡರು. ಸದ್ಯಕ್ಕೆ ಬಾಲಗೃಹ, ಮನೆಯ ಸ್ಥಿತಿಗತಿಯ ವರದಿ 15 ದಿನದಲ್ಲಿ ಬರಬೇಕು. ಹುಡುಗಿ ಫ್ರಾಕಿನ ಅಂಚಿಗೆ ಹಾಕಿದ ಪುಟ್ಟ ಗಂಟನ್ನು ಹಿಡಿದುಕೊಂಡೇ ಇದ್ದಳು.

ಜನವರಿ 10, ಬುಧವಾರ
ರಾತ್ರಿಯೆಲ್ಲ ನಿದ್ದೆಯಿಲ್ಲ. ‘ಈಗ’ ಅಂದಿದ್ದಳು. ಆ ಒಂದು ಮಾತು ನನ್ನ ಬಾಯಲ್ಲೇ ಉಳಿಯಿತು. ಓದಿದ್ದೊಂದು ನೆನಪಾಯಿತು: 1977ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರು, ಮಕ್ಕಳ ಪರವಾಗಿ ಕೋರ್ಟಿನಲ್ಲಿ ಮಾತಾಡಲು ನನ್ನಂಥ ಊರಿನ ಜನರನ್ನೇ ಸ್ವಯಂಸೇವಕರಾಗಿ ಕರೆತಂದರು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವಿನ ಮಾತು ಕೇಳಬೇಕು ಅನ್ನುತ್ತದೆ. ಕೇಳಿಸಿಕೊಂಡವಳೇ ಅರ್ಧ ಹೇಳಿದರೆ?

ಜನವರಿ 12, ಶುಕ್ರವಾರ
ಸಮಿತಿಯವರಿಗೆ ನನ್ನ ತಪ್ಪು ತಿಳಿಸಿದೆ. ಮತ್ತೊಮ್ಮೆ ಕೇಳಲು ಒಪ್ಪಿದರು. ಸೋಲಾಪುರದಲ್ಲಿ ಸಿದ್ಧೇಶ್ವರನ ಜಾತ್ರೆಯ ಗದ್ದಲ. ಬಾಲಗೃಹದಲ್ಲಿ ಅವಳ ಪಕ್ಕ ನೆಲದ ಮೇಲೆ ಕುಳಿತೆ.

“ಈಗ ಯಾಕ ಒಲ್ಲೆ?”

“ಅವ್ವ ಕಬ್ಬು ಕಡಿಯಾಕ ಹೋಗ್ಯಾಳ್ರಿ. ಕಾಕಾ ಕುಡದು ಬಂದು ಬಡೀತಾನ. ಅವ್ವ ಬಂದ್ರ ಹೋಗ್ತೀನಿ.”

ಗಂಟಿನಲ್ಲಿ ಹತ್ತು ರೂಪಾಯಿ ಇತ್ತು. ಅವ್ವನಿದ್ದಲ್ಲಿಗೆ ಹೋಗಲು ರೈಲಿನ ಖರ್ಚಂತೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಸಿ, ಓದಿಸಿ ಕೇಳಿದ ಮೇಲೇ ಎದ್ದೆ.

ಜನವರಿ 23, ಮಂಗಳವಾರ
ವರದಿ ಬಂತು. ತಾಯಿಯೂ ಬಂದಿದ್ದಳು, ಕೈತುಂಬ ಕಬ್ಬಿನ ಸೋಗೆ ಕೊಯ್ದ ಗೀರು. ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡವಾಗಿ ತೆಗೆದುಕೊಂಡ ಉಚಲ್ ಇನ್ನೂ ತೀರಿಲ್ಲ, ಕಬ್ಬು ಕಡಿಯುವ ಟೋಳಿಗೆ ಮರಳಲೇಬೇಕು. ಕಾಕಾನ ಕೈಗೆ ಮಗುವನ್ನು ಒಪ್ಪಿಸುವುದಿಲ್ಲ. ಹಂಗಾಮು ಮುಗಿಸಿ ತಾಯಿ ಬರುವವರೆಗೆ ಬಾಲಗೃಹದಲ್ಲಿರಲಿ, ಶಾಲೆ ತಪ್ಪದಿರಲಿ ಎಂದು ಆದೇಶವಾಯಿತು.

“ಅವ್ವ ಬರೂದು ಬರ್ದಾರೇನ್ರಿ ಅಕ್ಕೋರ?”

“ಬರ್ದಾರವ್ವಾ.”

ಹುಡುಗಿ ಹಲ್ಲಿನಿಂದ ಗಂಟು ಬಿಚ್ಚಿದಳು. ಹತ್ತರ ನೋಟನ್ನು ಅಂಗೈಯಲ್ಲೇ ತಿಕ್ಕಿ ಸರಿಮಾಡಿ ಅವ್ವನ ಕೈಗಿಟ್ಟಳು.

“ಬಸ್ಸಿಗಿ ಇರ್ಲಿ. ಲಗು ಬಾ.”